ರಥಬೀದಿಯ ಬೆಳ್ಳಿ, ರೋಮಿನ ಗಾಜು

ಮಂಗಳೂರು ನೋಡಲು ಬಂದವರು ಸಾಮಾನ್ಯವಾಗಿ ಎರಡು ಜಾಗಗಳನ್ನು ತಪ್ಪಿಸುವುದಿಲ್ಲ. ಒಂದು, ಕೊಡಿಯಾಲ ತೇರಿಗೆ ಹೆಸರಾದ ವೆಂಕಟರಮಣ ದೇವಸ್ಥಾನದ ರಥಬೀದಿ. ಇನ್ನೊಂದು, ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಒಡವೆ ಕೆಲಸ ಕಲಿಯಬಯಸುವ ವಿದ್ಯಾರ್ಥಿಗೆ ಇವೆರಡೂ ಸೇರಿ ಒಂದೇ ಪಾಠ ಹೇಳುತ್ತವೆ ಎಂದರೆ ಅಚ್ಚರಿಯಾದೀತು.

1880ರಲ್ಲಿ ಕಟ್ಟಿದ ಚಾಪೆಲ್ಲಿನ ಒಳಭಾಗವನ್ನು 1899ರಿಂದ ಚಿತ್ರಗಳಿಂದ ತುಂಬಿದವರು ಇಟಲಿಯ ಅಂತೋನಿಯೋ ಮೊಸ್ಕೇನಿ. ಕರಾವಳಿಯ ತೇವದಲ್ಲಿ ಬಣ್ಣ ಉಳಿಸುವುದು ಸುಲಭವೇ? 1991–94ರಲ್ಲಿ ಇಂಟ್ಯಾಕ್ ಸಂಸ್ಥೆಯವರು ಆ ಚಿತ್ರಗಳನ್ನು ದುರಸ್ತಿ ಮಾಡಿದರು. ರೋಮಿನ ಸಂತ ಪೀಟರರ ಮಹಾಮಂದಿರಕ್ಕೂ ಇದೇ ತೇವದ ಕಾಟವಿತ್ತು. ಅಲ್ಲಿಯವರು ವರ್ಣಚಿತ್ರಗಳನ್ನು ಗಾಜಿನ ಚೂರುಗಳಲ್ಲಿ ಮತ್ತೆ ರಚಿಸಿದರು. 1727ರಲ್ಲಿ ಅದಕ್ಕೆಂದೇ ಕಾಯಂ ಕಾರ್ಯಾಗಾರ ಆಯಿತು. ಗಾಜನ್ನು ಕರಗಿಸಿ ದಾರದಂತೆ ಎಳೆಯುವ ಉಪಾಯ ಆ ಶತಮಾನದ ಕೊನೆಯ ಭಾಗದಲ್ಲಿ ಕೈಗೂಡಿತು. ಆಗ ಅದೇ ಕಲೆ ಪದಕ, ಉಂಗುರಗಳಿಗೆ ಇಳಿದು ಮೈಕ್ರೋ ಮೊಸಾಯಿಕ್ ಆಯಿತು. ಒಂದು ಚದರ ಅಂಗುಲದಲ್ಲಿ ಸಾವಿರಕ್ಕೂ ಹೆಚ್ಚು ಚೂರು ಕೂಡಿಸಿದ ಕೆಲಸಗಳೂ ಇವೆ.

ಗಾಜಿನ ಪಾಠ ರೋಮಿನದಾದರೆ, ಅದನ್ನು ಹಿಡಿದಿಡುವ ಬೆಳ್ಳಿಯ ಪಾಠ ರಥಬೀದಿಯದು. ಕಾಳಿಕಾಂಬಾ ವಿನಾಯಕ ದೇವಸ್ಥಾನವೂ ಇರುವ ಈ ಪರಿಸರದಲ್ಲಿ ಅಕ್ಕಸಾಲಿಗಳ ಕಸುಬು ಹಳೆಯದು. ಕಲಿಯುವವನ ಕೈಗೆ ಮೊದಲು ಬರುವುದು ಅರ, ಚಿಮಟ, ಸುತ್ತಿಗೆ. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಶುದ್ಧ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಸುಗೆ ಅದಕ್ಕಿಂತ ಮೊದಲೇ ಕರಗಬೇಕು. ಬಿಳಿಗಾರ ಹಚ್ಚಿ ಊದಿದಾಗ ಅದು ಶಾಖವಿದ್ದ ಕಡೆಗೇ ಹರಿಯುತ್ತದೆ. ಕಣ್ಣು ಒಂದು ಕ್ಷಣ ತಪ್ಪಿದರೆ ಒಡವೆಯೇ ಕರಗಿ ಮುದ್ದೆ!

ಮೊಸಾಯಿಕ್ ಪದಕದಲ್ಲಿ ಕ್ರಮವೇ ಮುಖ್ಯ. ಬೆಳ್ಳಿಯ ತಗಡಿಗೆ ಅಂಚು ಕಟ್ಟಿ, ಬಳೆಕೊಂಡಿ ಬೆಸೆದು, ಬೆಂಕಿಯ ಕೆಲಸವೆಲ್ಲ ಮುಗಿಯಬೇಕು. ಆಮೇಲೆ ಅಂಟು ಹರಡಿ, ಚಿಮಟದಿಂದ ಗಾಜಿನ ಚೂರನ್ನು ಒಂದೊಂದಾಗಿ ನಿಲ್ಲಿಸಬೇಕು. ಅಂಟು ಬೆಂಕಿ ತಾಳದು. ಬೆಸುಗೆ ಬಿಟ್ಟರೆ ವಾರಗಳ ಶ್ರಮವನ್ನು ಕಿತ್ತು ಹಾಕದೆ ಬೇರೆ ದಾರಿಯಿಲ್ಲ. ಬುನಾದಿ ಗಟ್ಟಿಯಿಲ್ಲದೆ ಬಣ್ಣಕ್ಕೆ ಅವಸರ ಮಾಡಬಾರದು ಎಂಬುದು ಶಾಲೆಯ ಓದಿಗೂ ಸಲ್ಲುವ ಮಾತಲ್ಲವೇ?

ಯಂತ್ರದ ಒಡವೆ, ದೊಡ್ಡ ಮಳಿಗೆಗಳು ಬಂದ ಮೇಲೆ ಕೈಕೆಲಸದ ಅಕ್ಕಸಾಲಿಗೆ ಬೇಡಿಕೆ ಕುಗ್ಗಿದೆ. ಮಕ್ಕಳು ಬೇರೆ ಉದ್ಯೋಗ ಹಿಡಿದರೆ ತಪ್ಪು ಎನ್ನುವಂತಿಲ್ಲ. ಆದರೆ ಬೆಂಕಿಯ ಬಣ್ಣ ನೋಡಿ ಶಾಖ ಅಳೆಯುವ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಬಲ್ಲವರು ಕುಲುಮೆಯ ಮುಂದಿರುವಾಗಲೇ ಕಲಿಯಬೇಕು. ಚಿತ್ರ ಬಿಡಿಸುವ ಒಲವಿರುವ ಮಗ ಅಥವಾ ಮಗಳನ್ನು ತಂದೆತಾಯಿ ಈ ರಜೆಯಲ್ಲಿ ಚಾಪೆಲ್ಲಿಗೆ ಕರೆದೊಯ್ಯಲಿ. ಅಲ್ಲಿಂದ ರಥಬೀದಿಗೂ ಬಂದು, ಹಿರಿಯ ಅಕ್ಕಸಾಲಿಯೊಬ್ಬರ ಅನುಮತಿ ಕೇಳಿ, ಒಂದು ಗಂಟೆ ಸುಮ್ಮನೆ ನೋಡುತ್ತ ಕೂರಲಿ.