ಅತಿಥಿಗಳು ಬಾರದ ಫೆಬ್ರುವರಿ

ಪ್ರಾಗ್ ನಗರದಲ್ಲಿ 17ನೇ ನಂಬರಿನ ಟ್ರಾಮ್ ಹತ್ತಿ ಉತ್ತರಕ್ಕೆ ಹೊರಟರೆ ಅರ್ಧ ಊರು ನೋಡಿದಂತೆಯೇ ಲೆಕ್ಕ. ವಲ್ತಾವಾ ನದಿಯ ದಂಡೆಗುಂಟ ಸಾಗುವ ಈ ಟ್ರಾಮ್ ನ್ಯಾಷನಲ್ ಥಿಯೇಟರಿನ ಮುಂದೆ, ಚಾರ್ಲ್ಸ್ ಸೇತುವೆಯ ತುದಿಯಲ್ಲಿ ಹಾದು, ಲೆಟ್ನಾ ಗುಡ್ಡದ ಬುಡದಲ್ಲಿ ಹೊಳೆ ದಾಟುತ್ತದೆ. ಪ್ರವಾಸಿಗಳೆಲ್ಲ ಅಷ್ಟರಲ್ಲಿ ಇಳಿದುಹೋಗಿರುತ್ತಾರೆ. ಉಳಿಯುವವರು ಸಂತೆಚೀಲ ಹಿಡಿದ ಅಜ್ಜಿಯರು, ಶಾಲೆಯ ಮಕ್ಕಳು. ಹಾಗೇ ಕುಳಿತಿದ್ದರೆ ಹೊಲೆಶೊವಿತ್ಸೆ ಬಡಾವಣೆಯ ವಸ್ತುಪ್ರದರ್ಶನ ಮೈದಾನ ಸಿಗುತ್ತದೆ. 1891ರ ಮಹಾಪ್ರದರ್ಶನಕ್ಕೆಂದು ಕಟ್ಟಿದ ಕಬ್ಬಿಣ ಮತ್ತು ಗಾಜಿನ ಅರಮನೆ, ಅದರ ನಡುವೆ ಗಡಿಯಾರದ ಗೋಪುರ. ಅದರ ಎಡ ರೆಕ್ಕೆ 2008ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಪಕ್ಕದಲ್ಲೇ ಸ್ಟ್ರೊಮೊವ್ಕಾ ಎಂಬ ದೊಡ್ಡ ಉದ್ಯಾನ, ಹಿಂದೊಮ್ಮೆ ಅರಸರು ಬೇಟೆಯಾಡುತ್ತಿದ್ದ ಕಾಡು.

ಈ ಮೈದಾನದಲ್ಲೇ ಒಂದು ಕ್ರೀಡಾಮಂದಿರವಿದೆ. ನೋಡಲು ಏನೇನೂ ಚೆಂದವಿಲ್ಲ. ಪ್ರಾಗ್‌ನಂಥ ಊರಿನಲ್ಲಿ ಇದನ್ನು ಹುಡುಕಿಕೊಂಡು ಹೋಗುವವರಿಗೆ ಸ್ವಲ್ಪ ಹುಚ್ಚು ಇರಲೇಬೇಕು. ನನಗಿದ್ದ ಹುಚ್ಚು ಫಿಗರ್ ಸ್ಕೇಟಿಂಗಿನದು. ಉಕ್ಕಿನ ಅಲಗಿನ ಬೂಟು ತೊಟ್ಟು, ಸಂಗೀತಕ್ಕೆ ತಕ್ಕಂತೆ ಮಂಜುಗಡ್ಡೆಯ ಮೇಲೆ ಜಾರುತ್ತ, ಗಾಳಿಯಲ್ಲಿ ಸುತ್ತಿ ಒಂದೇ ಕಾಲಿನ ಮೇಲೆ ಇಳಿಯುವ ಆಟ ಅದು. ಆ ಆಟದ ವಿಶ್ವ ಚಾಂಪಿಯನ್‌ಷಿಪ್ 1962ರ ಮಾರ್ಚ್ ತಿಂಗಳಲ್ಲಿ ನಡೆದದ್ದು ಇಲ್ಲಿ. ನಿಜಕ್ಕೂ ಪ್ರಾಗ್ ನಗರದ ಸರದಿ ಬಂದಿದ್ದುದು ಅದಕ್ಕೆ ಒಂದು ವರ್ಷ ಮೊದಲು.

ಈ ಸರದಿಯ ವಿಷಯ ಸ್ವಲ್ಪ ಹೇಳಬೇಕು. 1896ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆದಾಗ ಸ್ಪರ್ಧಿಗಳು ನಾಲ್ಕೇ ಮಂದಿ. ಆಗ ಊರನ್ನು ಗೊತ್ತುಮಾಡುತ್ತಿದ್ದುದು ಬಹುಮಟ್ಟಿಗೆ ಚಳಿ. ಹೊಳೆ, ಕೊಳ ಗಟ್ಟಿಯಾಗಿ ಹೆಪ್ಪುಗಟ್ಟುವ ಊರೇ ಬೇಕು. ತಿಂಗಳು ಜನವರಿ ಇಲ್ಲವೇ ಫೆಬ್ರುವರಿಯೇ ಆಗಬೇಕು. ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಮತ್ತೆ ಮತ್ತೆ ಅವಕಾಶ ಸಿಕ್ಕಿದ್ದು ಹೀಗೆ. 1967ರಲ್ಲಿ ವಿಯೆನ್ನಾದ ಸ್ಪರ್ಧೆ ಬಯಲಿನಲ್ಲೇ ನಡೆಯಿತು. ಹವಾಮಾನ ಕೊಟ್ಟ ಕಾಟ ಸಾಕಾಗಿ, ಇನ್ನು ಮುಂದೆ ಸೂರಿನ ಕೆಳಗೇ ಆಡಬೇಕೆಂದು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ನಿಯಮ ಮಾಡಿತು.

ಈಗ ಚಳಿಯ ಹಂಗಿಲ್ಲ. ಯಂತ್ರವೇ ಮಂಜುಗಡ್ಡೆ ಮಾಡಿಕೊಡುತ್ತದೆ. 60 ಮೀಟರ್ ಉದ್ದ, 30 ಮೀಟರ್ ಅಗಲದ ಅಂಕಣ, ಅಭ್ಯಾಸಕ್ಕೆ ಇನ್ನೊಂದು ಅಂಕಣ, ಸಾವಿರಾರು ಆಸನ, ಹೋಟೆಲು, ವಿಮಾನ ನಿಲ್ದಾಣ ಇವೆಲ್ಲ ಇದ್ದರೆ ಊರು ಅರ್ಜಿ ಹಾಕಬಹುದು. ಆದರೂ ಪಂಚಾಂಗ ಮಾತ್ರ ಹಳೆಯ ಚಳಿಗಾಲದ ಜಾಡಿನಲ್ಲೇ ಉಳಿದಿದೆ. ಈ ಕ್ರೀಡೆಯ ವರ್ಷ ಜುಲೈ 1ರಂದು ಹುಟ್ಟಿ ಜೂನ್ 30ಕ್ಕೆ ಮುಗಿಯುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಗ್ರ್ಯಾನ್ ಪ್ರೀ ಹೆಸರಿನ ಆರು ಸ್ಪರ್ಧೆಗಳು, ಡಿಸೆಂಬರಿನಲ್ಲಿ ಅದರ ಫೈನಲ್. ಆಮೇಲೆ ಆಯಾ ದೇಶಗಳ ರಾಷ್ಟ್ರೀಯ ಸ್ಪರ್ಧೆ, ಜನವರಿಯಲ್ಲಿ ಯುರೋಪಿನ ಸ್ಪರ್ಧೆ, ಕೊನೆಗೆ ಮಾರ್ಚಿನಲ್ಲಿ ವಿಶ್ವ ಚಾಂಪಿಯನ್‌ಷಿಪ್. ನಮ್ಮಲ್ಲೂ ಮಾರ್ಚ್ ಎಂದರೆ ಪರೀಕ್ಷೆಯ ತಿಂಗಳು ತಾನೆ? ಅವರದೂ ಹಾಗೆಯೇ, ಸಪ್ಲಿಮೆಂಟರಿ ಇಲ್ಲ ಅಷ್ಟೆ. ಒಂದು ವಿಭಾಗಕ್ಕೆ ಒಂದು ದೇಶ ಹೆಚ್ಚೆಂದರೆ ಮೂವರನ್ನು ಕಳಿಸಬಹುದು. ಒಬ್ಬರೋ ಇಬ್ಬರೋ ಮೂವರೋ ಎಂಬುದನ್ನು ಹಿಂದಿನ ವರ್ಷದ ಸ್ಥಾನ ತೀರ್ಮಾನಿಸುತ್ತದೆ. ಈ ವರ್ಷ ಬಿದ್ದವರು ಮುಂದಿನ ವರ್ಷ ತಮ್ಮ ದೇಶದ ಇನ್ನೊಂದು ಮಗುವಿನ ಜಾಗವನ್ನೂ ಕಳೆದಂತೆ.

1961ರ ಪಂಚಾಂಗ ಹೀಗಿತ್ತು: ಜನವರಿಯಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಆ ದೇಶದ ರಾಷ್ಟ್ರೀಯ ಸ್ಪರ್ಧೆ, ಫೆಬ್ರುವರಿ ಎರಡನೆಯ ವಾರ ಫಿಲಡೆಲ್ಫಿಯಾದಲ್ಲಿ ಉತ್ತರ ಅಮೆರಿಕದ ಸ್ಪರ್ಧೆ, ಫೆಬ್ರುವರಿ 22ರಿಂದ ಪ್ರಾಗ್‌ನಲ್ಲಿ ವಿಶ್ವ ಸ್ಪರ್ಧೆ. ಫಿಲಡೆಲ್ಫಿಯಾದಲ್ಲಿ ಗೆದ್ದವಳು 16 ವರ್ಷದ ಲಾರೆನ್ಸ್ ಓವೆನ್. ಹೆಸರು ಗಂಡಿನದೆನಿಸಿದರೂ ಹುಡುಗಿ. ಆ ವಾರದ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದಲ್ಲಿ ಅವಳದೇ ಚಿತ್ರ. ತಾಯಿ ಮೇರಿಬೆಲ್ ವಿನ್ಸನ್ ಓವೆನ್ ಒಂಬತ್ತು ಬಾರಿ ಅಮೆರಿಕದ ಚಾಂಪಿಯನ್ ಆಗಿದ್ದವರು. ಮಗಳಿಗೆ ಅವರೇ ಗುರು. ಅಕ್ಕ ಮೇರಿಬೆಲ್‌ಗೆ 20 ವರ್ಷ, ಅವಳು ಜೋಡಿ ವಿಭಾಗದ ಚಾಂಪಿಯನ್. ಮೂವರೂ ಹೊರಟಿದ್ದರು.

ಫೆಬ್ರುವರಿ 14ರ ಸಂಜೆ ನ್ಯೂಯಾರ್ಕಿನಿಂದ ಸಬೀನಾ ಕಂಪನಿಯ ಬೋಯಿಂಗ್ 707 ವಿಮಾನ ಬ್ರಸೆಲ್ಸ್‌ಗೆ ಹೊರಟಿತು. ಅಮೆರಿಕದ ಇಡೀ ತಂಡ ಅದರಲ್ಲಿತ್ತು: 18 ಸ್ಕೇಟರುಗಳು, ಜೊತೆಗೆ ತರಬೇತುದಾರರು, ತೀರ್ಪುಗಾರರು, ಅಧಿಕಾರಿಗಳು, ಮನೆಯವರು ಸೇರಿ 16 ಮಂದಿ. ಮರುದಿನ ಬೆಳಿಗ್ಗೆ ಬ್ರಸೆಲ್ಸ್ ನಿಲ್ದಾಣದ ಸಮೀಪ, ಬೆರ್ಗ್ ಎಂಬ ಹಳ್ಳಿಯ ಹೊಲದಲ್ಲಿ ವಿಮಾನ ಬಿತ್ತು. ಒಳಗಿದ್ದ 72 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ರೈತನೂ ಸತ್ತ.

ಪ್ರಾಗ್‌ನಲ್ಲಿ ಸ್ಪರ್ಧೆಗೆ ಉಳಿದಿದ್ದುದು ಒಂದು ವಾರ. ಒಂದು ದೇಶದ ತಂಡವೇ ಇಲ್ಲವಾದಾಗ ಮಿಕ್ಕವರು ಆಡಬಹುದೆ? ಒಕ್ಕೂಟ ಬೇಡವೆಂದಿತು. 1896ರಿಂದ ಇಂದಿನವರೆಗೆ ವಿಶ್ವ ಚಾಂಪಿಯನ್‌ಷಿಪ್ ನಿಂತದ್ದು ಎರಡು ಮಹಾಯುದ್ಧಗಳ ಕಾಲದಲ್ಲಿ, 1961ರಲ್ಲಿ ಮತ್ತು ಕೋವಿಡ್ ಬಂದ 2020ರಲ್ಲಿ ಮಾತ್ರ. 2011ರ ಮಾರ್ಚಿನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಬಂದಾಗ ಟೋಕಿಯೊದ ಸ್ಪರ್ಧೆಯನ್ನು ಒಂದು ತಿಂಗಳು ಮುಂದೆ ಹಾಕಿ ಮಾಸ್ಕೊಗೆ ಒಯ್ದರು, ರದ್ದು ಮಾಡಲಿಲ್ಲ. ಅಲ್ಲಿ ಮಹಿಳೆಯರ ವಿಭಾಗದಲ್ಲಿ ಗೆದ್ದದ್ದು ಜಪಾನಿನ ಮಿಕಿ ಆಂಡೊ.

ಪ್ರಾಗ್‌ಗೆ ಸ್ಪರ್ಧೆಯನ್ನು ಮರುವರ್ಷವೇ ಮತ್ತೆ ಕೊಟ್ಟರು. ಇದು ಕೇಳಿದಷ್ಟು ಸಲೀಸಾಗಿರಲಿಲ್ಲ. ಆಗಿನ ಚೆಕೊಸ್ಲೊವಾಕಿಯ ಕಮ್ಯುನಿಸ್ಟ್ ಆಳ್ವಿಕೆಯ ದೇಶ. ಹೊರಗೆ ಹೋದವರು ಮರಳದಿದ್ದರೆ ಅಪರಾಧ. ಆ ನೆಲದ ಹುಡುಗಿ ಅಲೆನಾ ವ್ರ್ಝಾನೊವಾ 1949ರಲ್ಲಿ ಪ್ಯಾರಿಸ್‌ನಲ್ಲಿ, 1950ರಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್ ಆದಳು. ಲಂಡನ್ನಿನಲ್ಲಿ ಪದಕ ಕೊರಳಿಗೆ ಬಿದ್ದಾಗ ಅವಳಿಗೆ 18. ಊರಿಗೆ ಮರಳಲಿಲ್ಲ, ಆಶ್ರಯ ಕೇಳಿ ಅಲ್ಲೇ ಉಳಿದಳು. ಸ್ಪರ್ಧೆ ಯಾವ ಊರಿನಲ್ಲಿ ಎಂಬುದು ಒಂದು ಹುಡುಗಿಯ ಬಾಳನ್ನೇ ಬೇರೆ ದಿಕ್ಕಿಗೆ ತಿರುಗಿಸಿತ್ತು.

ಅಣ್ಣ ತಂಗಿ ಓಟೊ ಮತ್ತು ಮರಿಯಾ ಯೆಲಿನೆಕ್ ಅವರದು ಇದರ ತಿರುವುಮುರುವು. ಪ್ರಾಗ್‌ನಲ್ಲಿ ಹುಟ್ಟಿದ ಇವರನ್ನು 1948ರಲ್ಲಿ ಅಪ್ಪ ಅಮ್ಮ ಗಡಿ ದಾಟಿಸಿಕೊಂಡು ಹೋಗಿದ್ದರು. ಅಣ್ಣನಿಗೆ ಆಗ ಎಂಟರ ಆಸುಪಾಸು, ತಂಗಿಗೆ ಐದು. ಬೆಳೆದದ್ದು ಕೆನಡಾದಲ್ಲಿ, ಜೋಡಿ ವಿಭಾಗದಲ್ಲಿ ಕೆನಡಾದ ಪರವಾಗಿ ಆಡಿದರು. ಆದರೆ ಪ್ರಾಗ್ ಸರಕಾರದ ಕಡತದಲ್ಲಿ ಅವರಿನ್ನೂ ಆ ದೇಶದ ಪ್ರಜೆಗಳೇ. ಹೋದರೆ ಮರಳಲು ಬಿಡುತ್ತಾರೆಯೇ ಎಂಬ ಅಳುಕು ಯಾರಿಗೆ ತಾನೆ ಇರುವುದಿಲ್ಲ? ಇವರನ್ನು ಪೌರತ್ವದಿಂದ ಬಿಡುಗಡೆ ಮಾಡದಿದ್ದರೆ ಸ್ಪರ್ಧೆಯನ್ನೇ ಬೇರೆ ಊರಿಗೆ ಒಯ್ಯುತ್ತೇವೆ ಎಂದು ಒಕ್ಕೂಟ ಎಚ್ಚರಿಸಿದ ಮೇಲೆ ಸರಕಾರ ಬಗ್ಗಿತು. ಊರನ್ನು ಕೊಡುವ ಅಧಿಕಾರ ಎಂದರೆ ಕಿತ್ತುಕೊಳ್ಳುವ ಅಧಿಕಾರವೂ ಹೌದಲ್ಲ!

ಹಾಗಾಗಿ 1962ರ ಮಾರ್ಚಿನಲ್ಲಿ ಈ ಕ್ರೀಡಾಮಂದಿರ ತುಂಬಿತು. ಪ್ರದರ್ಶನ ಮೈದಾನಕ್ಕೆ ಆಗ ನಾತ್ಸಿಗಳು 1943ರಲ್ಲಿ ಕೊಂದ ಪತ್ರಕರ್ತ ಜೂಲಿಯಸ್ ಫೂಚಿಕ್‌ನ ಹೆಸರಿತ್ತು. ಟ್ರಾಮಿನಲ್ಲಿ ಬರುವಾಗ ದಾಟಿದೆವಲ್ಲ, ಆ ಲೆಟ್ನಾ ಗುಡ್ಡದ ನೆತ್ತಿಯಲ್ಲಿ ಸ್ಟಾಲಿನ್‌ನ ದೈತ್ಯಾಕಾರದ ಕಲ್ಲಿನ ಮೂರ್ತಿ ಇನ್ನೂ ನಿಂತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅದನ್ನು ಸಿಡಿಮದ್ದು ಇಟ್ಟು ಒಡೆದರು. ಯೆಲಿನೆಕ್ ಅಣ್ಣ ತಂಗಿ ತಾವು ಹುಟ್ಟಿದ ಊರಿನ ಜನರೆದುರು ಆಡಿ, ಸೋವಿಯತ್ ಜೋಡಿ ಬೆಲೊಊಸೊವಾ ಮತ್ತು ಪ್ರೊತೊಪೊಪೊವ್‌ರನ್ನು ಹಿಂದಿಕ್ಕಿ ಚಿನ್ನ ಗೆದ್ದರು. ಸಾಲದ್ದಕ್ಕೆ, ಐಸ್ ಡಾನ್ಸ್ ವಿಭಾಗದಲ್ಲಿ ಗೆದ್ದವರೂ ಒಡಹುಟ್ಟಿದವರೇ: ಸ್ಥಳೀಯರಾದ ಎವಾ ರೊಮಾನೊವಾ ಮತ್ತು ಪಾವೆಲ್ ರೊಮಾನ್. ಪುರುಷರ ವಿಭಾಗದಲ್ಲಿ ಚೆಕೊಸ್ಲೊವಾಕಿಯದ ಕರೋಲ್ ದಿವೀನ್ ಮುಂದಿದ್ದ. ಕೆನಡಾದ ಡಾನಲ್ಡ್ ಜಾಕ್ಸನ್ ಅಲ್ಲಿಯವರೆಗೆ ಯಾರೂ ಸ್ಪರ್ಧೆಯಲ್ಲಿ ಮಾಡಿರದ ‘ಟ್ರಿಪಲ್ ಲಟ್ಸ್’ ಎಂಬ ಮೂರು ಸುತ್ತಿನ ಜಿಗಿತ ಮಾಡಿ, ಏಳು ಬಾರಿ 6.0 ಎಂಬ ಪೂರ್ಣಾಂಕ ಪಡೆದು ಅವನನ್ನು ಮೀರಿದ. ದಿವೀನ್‌ನ ಪಾಡಿಗೆ ಪ್ರಾಗ್ ಜನ ಮರುಗಿರಬೇಕು.

ಅಮೆರಿಕದವರೂ ಬಂದಿದ್ದರು. ತಂಡ ಹೊಸದು. ಬಾರ್ಬರಾ ರೋಲ್ಸ್ ಎಂಬಾಕೆ 1960ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಆಟ ಬಿಟ್ಟು, ಮದುವೆಯಾಗಿ ಕೈಗೂಸಿನ ತಾಯಿಯಾಗಿದ್ದವರು. ಆಡುವವರೇ ಇಲ್ಲವಾದಾಗ ಮತ್ತೆ ಬೂಟು ಕಟ್ಟಿಕೊಂಡು ಬಂದು ರಾಷ್ಟ್ರೀಯ ಚಾಂಪಿಯನ್ ಆದರು. ಪ್ರಾಗ್‌ನಲ್ಲಿ ಅವರಿಗೆ ಐದನೆಯ ಸ್ಥಾನ. ಅದಕ್ಕಿಂತ ದೊಡ್ಡ ಕೊರತೆ ಗುರುಗಳದು. ವಿಮಾನದಲ್ಲಿ ಹೋದವರಲ್ಲಿ ಅಮೆರಿಕದ ಹೆಸರಾಂತ ತರಬೇತುದಾರರೇ ಹಲವರಿದ್ದರು. ಕ್ಯಾಲಿಫೋರ್ನಿಯಾದಲ್ಲಿ 12 ವರ್ಷದ ಪೆಗಿ ಫ್ಲೆಮಿಂಗ್ ಎಂಬ ಹುಡುಗಿ ಹಾಗೆ ತನ್ನ ಗುರುವನ್ನು ಕಳೆದುಕೊಂಡಳು. ಮುಂದೆ ಇಟಲಿಯಿಂದ ಬಂದ ಕಾರ್ಲೊ ಫಾಸಿ ಅವಳಿಗೆ ಕಲಿಸಿದರು. ಸತ್ತವರ ಹೆಸರಿನಲ್ಲಿ ಕಟ್ಟಿದ ಸ್ಮಾರಕ ನಿಧಿ ಅವಳಿಗೆ ನೆರವಾಯಿತು. 1968ರ ಗ್ರೆನೋಬಲ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಬಂದ ಒಂದೇ ಒಂದು ಚಿನ್ನ ಅವಳದು.

1993ರ ಮಾರ್ಚಿನಲ್ಲಿ ಸ್ಪರ್ಧೆ ಮತ್ತೆ ಪ್ರಾಗ್‌ಗೆ ಬಂತು. ಅಷ್ಟರಲ್ಲಿ ದೇಶವೇ ಬದಲಾಗಿತ್ತು. ಚೆಕೊಸ್ಲೊವಾಕಿಯ ಒಡೆದು ಎರಡಾಗಿ ಮೂರು ತಿಂಗಳು ತುಂಬಿರಲಿಲ್ಲ. ಉಕ್ರೇನಿನ 15 ವರ್ಷದ ಒಕ್ಸಾನಾ ಬಾಯುಲ್ ಚಾಂಪಿಯನ್ ಆಗಿ ಸುದ್ದಿ ಮಾಡಿದಳು. ಜೋಡಿ ವಿಭಾಗದ ಕಂಚು ರಷ್ಯದ ಯೆವ್ಗೆನಿಯಾ ಶಿಷ್ಕೊವಾ ಮತ್ತು ವಾದಿಮ್ ನೌಮೊವ್ ಅವರಿಗೆ. ಮರುವರ್ಷ ಜಪಾನಿನಲ್ಲಿ ಅವರು ಚಿನ್ನವನ್ನೇ ಗೆದ್ದರು. ದಂಪತಿ ಆಮೇಲೆ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನ ಸ್ಕೇಟಿಂಗ್ ಕ್ಲಬ್ಬಿನಲ್ಲಿ ತರಬೇತುದಾರರಾದರು. 1961ರಲ್ಲಿ ಓವೆನ್ ತಾಯಿ ಮಕ್ಕಳನ್ನೂ ಇನ್ನು ಹಲವರನ್ನೂ ಕಳೆದುಕೊಂಡಿದ್ದ ಕ್ಲಬ್ ಅದೇ.

2025ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆ ವಿಚಿಟಾ ನಗರದಲ್ಲಿ ನಡೆಯಿತು. ಅದು ಮುಗಿದ ಮೇಲೆ ಮುಂದೆ ಬರುವ ಮಕ್ಕಳಿಗೆಂದು ಅಲ್ಲೇ ಒಂದು ಶಿಬಿರ. ಶಿಬಿರ ಮುಗಿಸಿ ಮಕ್ಕಳು, ಅಪ್ಪ ಅಮ್ಮಂದಿರು, ಗುರುಗಳು ಜನವರಿ 29ರಂದು ವಾಷಿಂಗ್ಟನ್ ವಿಮಾನ ಹತ್ತಿದರು. ಇಳಿಯುವ ಹೊತ್ತಿಗೆ ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾಗಿ ಎರಡೂ ನದಿಗೆ ಬಿದ್ದವು. ಸತ್ತ 67 ಮಂದಿಯಲ್ಲಿ 28 ಮಂದಿ ಸ್ಕೇಟಿಂಗಿಗೆ ಸೇರಿದವರು. ಬಾಸ್ಟನ್ ಕ್ಲಬ್ಬಿನವರು ಆರು: ಎಳೆಯ ಸ್ಕೇಟರುಗಳಿಬ್ಬರು, ಅವರ ತಾಯಂದಿರು, ಮತ್ತು ಶಿಷ್ಕೊವಾ, ನೌಮೊವ್ ದಂಪತಿ.

ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಯಾವ ಊರಿಗೆ ಗೊತ್ತಾಗಿತ್ತೆಂದರೆ, ಬಾಸ್ಟನ್ನಿಗೇ. ಎರಡು ತಿಂಗಳೂ ಉಳಿದಿರಲಿಲ್ಲ. ಈ ಬಾರಿ ರದ್ದು ಮಾಡಲಿಲ್ಲ. ಮಾರ್ಚ್ ಕೊನೆಯ ವಾರ ಸ್ಪರ್ಧೆ ನಡೆಯಿತು, ನಡುವೆ ಒಂದು ಸಂಜೆಯನ್ನು ಅಗಲಿದವರ ನೆನಪಿಗೆ ಬಿಟ್ಟರು. ಯಾವುದು ಸರಿ, 1961ರ ತೀರ್ಮಾನವೇ, 2025ರದೇ? ನನಗಂತೂ ಎರಡೂ ಸರಿಯೆಂದೇ ಕಾಣುತ್ತದೆ. ಅಂದು ಪ್ರಾಗ್‌ಗೆ ಬರಬೇಕಾದವರೇ ಇರಲಿಲ್ಲ. ಬಾಸ್ಟನ್ನಿನಲ್ಲಾದರೆ ಅತ್ತವರಿಗೆ ಅವರ ಆಟದವರೆಲ್ಲ ಮನೆಗೇ ಬಂದಂತಾಯಿತು.

2026ರ ಸ್ಪರ್ಧೆಗೆ ಒಕ್ಕೂಟ ಆರಿಸಿದ್ದು ಮತ್ತೆ ಪ್ರಾಗ್ ನಗರವನ್ನು. ಈ ಸಲ ಗೊತ್ತುಮಾಡಿದ್ದು ಹೊಲೆಶೊವಿತ್ಸೆಯ ಹಳೆಯ ಮಂದಿರವನ್ನಲ್ಲ. ಊರಿನ ಇನ್ನೊಂದು ಬದಿಗೆ 2004ರಲ್ಲಿ ಎದ್ದ ದೊಡ್ಡ ಅಖಾಡವನ್ನು. ಅಮೆರಿಕದ ತಂಡ ಮಾತ್ರ ಇಂಥ ಸ್ಪರ್ಧೆಗೆ ಎಲ್ಲಿಗೆ ಹೊರಟರೂ, 1961ರಿಂದೀಚೆಗೆ ಎಲ್ಲರೂ ಒಂದೇ ವಿಮಾನ ಹತ್ತುವುದಿಲ್ಲ. ಟಿಕೆಟ್ ಬರೆಸುವಾಗಲೇ ಬೇರೆ ಬೇರೆ ವಿಮಾನಗಳಿಗೆ ಹಂಚಿ ಬರೆಸುತ್ತಾರೆ.