ಪ್ರಧಾನಿ ಉಜ್ಜಿದ ಬೂಟು

ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲಿ ಫುಟ್‌ಬಾಲಿನ ಮಾತೆತ್ತುವುದೆಂದರೆ ಮದುವೆ ಮನೆಯಲ್ಲಿ ಇನ್‌ಕಮ್ ಟ್ಯಾಕ್ಸ್ ಮಾತೆತ್ತಿದ ಹಾಗೆ. ಯಾರೂ ಜಗಳಕ್ಕೆ ಬರುವುದಿಲ್ಲ, ಮೆಲ್ಲಗೆ ಎದ್ದು ಹೋಗುತ್ತಾರೆ. ವೀರಾಂಜನೇಯನ ಗುಡಿಯಿಂದ ಕುರುಬರಹಳ್ಳಿಯ ತನಕ ನಡೆದು ನೋಡಿ, ಅಡ್ಡರಸ್ತೆಗೊಂದು ರಬ್ಬರ್ ಬಾಲು, ಸ್ಟಂಪಿಗೊಂದು ಪ್ಲಾಸ್ಟಿಕ್ ಕುರ್ಚಿ. ಗೋಲ್‌ಪೋಸ್ಟ್ ಕಂಡರೆ ಹೇಳಿ.

ಆದರೂ ಮೊನ್ನೆ ಪಾರ್ಕಿನ ಬೆಂಚಿನಲ್ಲಿ ಪಕ್ಕದ ಮನೆಯ ರಾಯರ ಮುಂದೆ ಜ್ಲಾಟ್ಕೊ ಡೆಡಿಚ್ ಕಥೆ ತೆಗೆದೆ. ಇಟಲಿ, ಜರ್ಮನಿ, ಆಸ್ಟ್ರಿಯಾ ಅಂತ ಕ್ಲಬ್ಬಿಂದ ಕ್ಲಬ್ಬಿಗೆ ಅಲೆದು ಈಗ ನಿವೃತ್ತನಾಗಿರುವ ಸ್ಲೊವೇನಿಯಾದ ಸ್ಟ್ರೈಕರ್.

“ಸ್ಲೊವೇನಿಯಾನೋ ಸ್ಲೊವಾಕಿಯಾನೋ?” ಎಂದರು ರಾಯರು.

“ವೇನಿಯಾ, ರಾಯರೇ. ಇಡೀ ದೇಶಕ್ಕೆ ಇಪ್ಪತ್ತು ಲಕ್ಷ ಜನ.”

“ಅಷ್ಟು ಜನ ನಮ್ಮ ರಾಜಾಜಿನಗರದ ಸಿಗ್ನಲ್ಲಲ್ಲೇ ನಿಂತಿರ್ತಾರಲ್ರೀ.”

ಇರಬಹುದು. ಆ ಇಪ್ಪತ್ತು ಲಕ್ಷದವರು 2010ರ ವಿಶ್ವಕಪ್ಪಿಗೆ ಹೋಗಬೇಕಾದರೆ ರಷ್ಯಾವನ್ನು ದಾಟಬೇಕಿತ್ತು. ಮಾಸ್ಕೋದಲ್ಲಿ ಎರಡು-ಒಂದರಿಂದ ಸೋತರು. 2009ರ ನವೆಂಬರ್ 18ರಂದು ಮಾರಿಬೋರ್ ಊರಿನಲ್ಲಿ ಎರಡನೇ ಆಟ. ಮೊದಲರ್ಧ ಮುಗಿಯುತ್ತ ಬಂದಾಗ ಡೆಡಿಚ್ ಒಂದು ಗೋಲು ತಳ್ಳಿದ. ಅಷ್ಟೇ. ಪರಸ್ಥಳದಲ್ಲಿ ಹೊಡೆದ ಗೋಲಿಗೆ ಬೆಲೆ ಜಾಸ್ತಿ ಎಂಬ ಅಂದಿನ ಲೆಕ್ಕದಲ್ಲಿ ರಷ್ಯಾ ಮನೆಗೆ, ಸ್ಲೊವೇನಿಯಾ ದಕ್ಷಿಣ ಆಫ್ರಿಕಕ್ಕೆ. ಗೆದ್ದರೆ ನಿಮ್ಮ ಬೂಟು ಉಜ್ಜುತ್ತೇನೆ ಎಂದು ಮಾತು ಕೊಟ್ಟಿದ್ದ ಪ್ರಧಾನಿ ಬೊರುತ್ ಪಾಹೊರ್ ಡ್ರೆಸ್ಸಿಂಗ್ ರೂಮಿಗೇ ಬಂದು ಉಜ್ಜಿದರು.

ರಾಯರು ಇಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದರು. ಮಾತು ಕೊಟ್ಟ ರಾಜಕಾರಣಿ ನಡೆಸಿಕೊಟ್ಟದ್ದು ಅವರಿಗೆ ಗೋಲಿಗಿಂತ ದೊಡ್ಡ ಸುದ್ದಿ.

ಬೂಟಿನ ಮಾತು ಬಂತಲ್ಲ, ನನಗೆ ಬೂಟಿಲ್ಲದವರು ನೆನಪಾದರು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದ ಬಹುಪಾಲು ಆಟಗಾರರು ಬರಿಗಾಲವರು. ಅದರಲ್ಲಿ ನಮ್ಮ ಮೈಸೂರು ಸಂಸ್ಥಾನದವರದೇ ಒಂದು ಗುಂಪು. ಫ್ರಾನ್ಸಿನ ಮೇಲೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ಆ ಗುಂಪಿನವರೇ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅದೇ ಮೊದಲ ಗೋಲು. ಎರಡು ಪೆನಾಲ್ಟಿ ಹಾಳು ಮಾಡಿಕೊಂಡು ಕೊನೇ ಗಳಿಗೆಯಲ್ಲಿ ಎರಡು-ಒಂದರಿಂದ ಸೋತರು. ರಾಮನ್ ಹೆಸರಿನ ಒಂದು ಅಡ್ಡರಸ್ತೆಯಾದರೂ ಇದೆಯೇ ಎಂದು ಕೇಳಿದರೆ ರಾಯರು ಸರ್ ಸಿ. ವಿ. ರಾಮನ್ ಹೆಸರು ಹೇಳಿದರು. ಅವರ ತಪ್ಪಲ್ಲ ಬಿಡಿ.

ನನ್ನ ಮೆಚ್ಚಿನವರು ಮಾತ್ರ ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. 1937, 38ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಊರಿದು, ಚೆಂಡು ಕಾಲಿಗೆ ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ವೆಂಕಟೇಶ್, ಸಾಲೆ, ಧನರಾಜ್ ಜೊತೆ ಸೇರಿ ಐವರಿಗೂ ಪಂಚಪಾಂಡವರೆಂದೇ ಹೆಸರಾಯಿತು. ಆ ವರ್ಷದಿಂದ ಸತತ ಮೂರು ಸಲ ಐಎಫ್‌ಎ ಶೀಲ್ಡ್ ಅವರದು. ಕಾಲಲ್ಲಿ ಚೆಂಡನ್ನು ಆಡಿಸುವ ಚಂದ ನೋಡಿ ಜನ ಅಹ್ಮದ್ ಖಾನರನ್ನು ಹಾವಾಡಿಗ ಎಂದು ಕರೆದರು. 1951ರ ದೆಹಲಿ ಏಷ್ಯನ್ ಗೇಮ್ಸಿನ ಚಿನ್ನದಲ್ಲೂ ಇವರ ಪಾಲುಂಟು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಿಗೆ ಯುಗೊಸ್ಲಾವಿಯಾ. ಡೆಡಿಚ್‌ನ ಸ್ಲೊವೇನಿಯಾ ಆಗ ಆ ದೇಶದೊಳಗೇ ಇತ್ತು, ಬೇರೆಯಾದದ್ದು 1991ರಲ್ಲಿ. ಅಲ್ಲಿನ ಚಳಿಗೆ ನಮ್ಮವರ ಬರಿಗಾಲು ಸೆಟೆದು ಹೋಗಿತ್ತು. ಹತ್ತು-ಒಂದು! ಹತ್ತರ ಲೆಕ್ಕ ಎಲ್ಲರೂ ಇಟ್ಟರು. ಆ ಒಂದು ಗೋಲು ಆಟ ಇನ್ನೇನು ಮುಗಿಯಿತು ಎನ್ನುವಾಗ ಅಹ್ಮದ್ ಖಾನ್ ಹೊಡೆದದ್ದು. ಹತ್ತು ತಿಂದ ಮೇಲೂ ಗೋಲಿನ ಕಡೆ ಓಡುವ ಮನಸ್ಸು ಉಳಿದಿತ್ತಲ್ಲ, ನನ್ನ ಮಟ್ಟಿಗೆ ಅದು ಮಾರಿಬೋರಿನ ಗೋಲಿಗಿಂತ ಒಂದು ಕೈ ಮೇಲೇ. ಯುಗೊಸ್ಲಾವಿಯಾ ಆ ಸಲ ಫೈನಲ್‌ವರೆಗೆ ಹೋಗಿ ಬೆಳ್ಳಿ ತಂದ ತಂಡ, ಸಾಮಾನ್ಯರಲ್ಲ. ಈ ಸೋಲಿನ ಮೇಲೆಯೇ ನಮ್ಮಲ್ಲಿ ಬೂಟು ಕಡ್ಡಾಯವಾದದ್ದು.

ಅಹ್ಮದ್ ಖಾನ್ 2017ರ ತನಕ, ತೊಂಬತ್ತು ದಾಟಿ ಬದುಕಿದ್ದರು. ಸಚಿನ್ನನ ಸೆಂಚುರಿಗಳನ್ನು ಬೆರಳಲ್ಲಿ ಎಣಿಸುವ ನಮ್ಮ ಬಡಾವಣೆಯಲ್ಲಿ ಆ ಸುದ್ದಿ ಎಷ್ಟು ಮನೆ ತಲುಪಿತೋ. ಫುಟ್‌ಬಾಲು ಊರಿನ ಪೂರ್ವ ಭಾಗದ ಸೊತ್ತು ಎಂಬ ಸಮಾಧಾನ ನಮಗುಂಟು: ಹಲಸೂರಿನ ಗೌತಮಪುರದವರು ಬೀದಿಯಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಪಶ್ಚಿಮದವರಿಗೆ ಹೋಗಿ ಆಟ ನೋಡಲು ಏನು ಕಷ್ಟ? ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಹಸಿರು ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ನೇರಳೆ, ಎಂ.ಜಿ. ರೋಡಿನಲ್ಲಿ ಇಳಿದರೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಎಷ್ಟು ದೂರ?

“ಒಂದ್ಸಲ ಹೋಗೋಣ ರಾಯರೇ” ಎಂದೆ.

ರಾಯರು ಕೊಡೆ ಊರಿಕೊಂಡು ಎದ್ದರು. “ಬರ್ತೀನಿ. ಆದ್ರೆ ಮೊದ್ಲು ಇದು ಹೇಳಿ, ಆ ಪ್ರಧಾನಿ ಹನ್ನೊಂದು ಜೊತೆ ಉಜ್ಜಿದ್ರೋ, ಇಲ್ಲ ಫೋಟೋಗೆ ಅಂತ ಒಂದೇ ಜೊತೆನೋ?”