ಬಿದ್ದು ಕಲಿತ ಪಾಠ

ಕಳೆದ ಚಳಿಗಾಲದಲ್ಲಿ ನಾನು ಕರಿಹಲಗೆಯ ಮೇಲೆ ಎಡಗೈಯಿಂದ ಬರೆದ ವಕ್ರಾಕ್ಷರಗಳನ್ನು ಕಂಡು ನೀವು ನಕ್ಕದ್ದುಂಟು. ಅದರ ಕಾರಣವನ್ನು ಇಂದು ಹೇಳುವೆನು.

ದೆಹಲಿಯಿಂದ ಮನಾಲಿಗೆ ಹೋಗಿದ್ದಾಗ ಹಿಮದಲ್ಲಿ ನಡೆಯಲು ದಪ್ಪ ಬೂಟುಗಳನ್ನು ಬಾಡಿಗೆಗೆ ಪಡೆದು, ಅವುಗಳ ಅಡಿಗೆ ತೊಡಿಸುವ ಉಕ್ಕಿನ ಮುಳ್ಳುಗಳ ರಬ್ಬರ್ ಪಟ್ಟಿಯನ್ನು ನನ್ನ ಪಾದದ ಅಳತೆಗೆ ಕೊಂಡೆನು. ಬಯಲುಸೀಮೆಯವನಿಗೆ ಮಂಜುಗಡ್ಡೆಯ ಮರ್ಮವೇನು ಗೊತ್ತು! ಸೋಲಾಂಗ್ ಕಣಿವೆಯ ಇಳಿಜಾರಿನಲ್ಲಿ ಪಟ್ಟಿಯು ಹಿಮ್ಮಡಿಯಿಂದ ಕಳಚಿತು, ನಾನು ಬಿದ್ದೆನು, ಬಲಗೈಯ ಮಣಿಕಟ್ಟು ಮುರಿಯಿತು.

ಪಟ್ಟಿಯನ್ನು ಬೂಟಿನ ಹೊರಮೈಯ ಅಳತೆಗೆ ಆರಿಸಬೇಕು. ಆ ಬೂಟಿಗೇ ತೊಡಿಸಿ ನೋಡಬೇಕು. ಅದು ಮುಂದುದಿಯನ್ನೂ ಹಿಮ್ಮಡಿಯನ್ನೂ ಬಿಗಿಯಾಗಿ ಹಿಡಿದಿರಬೇಕು. ಪಾದದ ಮೇಲೆ ಬಿಗಿಯುವ ಅಡ್ಡಪಟ್ಟಿಯಿದ್ದರೆ ಇನ್ನೂ ಲೇಸು. ನಯವಾದ ಕಲ್ಲುನೆಲದ ಮೇಲಾದರೋ ಅದೇ ಮುಳ್ಳುಗಳು ಜಾರಿಸುವುವು, ಅಲ್ಲಿ ಕಳಚಿಡಬೇಕು.

ಮಕ್ಕಳೇ, ನಿಮ್ಮ ಗುರು ಇದನ್ನು ಬಿದ್ದು ಕಲಿತನು. ನೀವು ಓದಿಯೇ ಕಲಿಯಿರಿ.